ಬಿಟ್ಟುಕೊಟ್ಟ ಗುಲಾಮ

ಪುಟ್ಟೀ, ಚಿನ್ನೂ,

ಅಜ್ಜಿಗೆ ಮಾತೇ ಬರುವುದಿಲ್ಲ ಎಂದು ನೀವಿಬ್ಬರೂ ನಗುತ್ತೀರಿ. ನಿಜವೇ. ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆ ಸೇರಿಕೊಳ್ಳುವವಳು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೇನೆ, ಅಷ್ಟೇ. ಬಾಯಲ್ಲಿ ಹೇಳಲಾಗದ ಒಂದು ವಿಷಯವಿದೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಪಕ್ಕದ ಮನೆಯ ಟೀಚರಜ್ಜಿ ನಿಮಗೆ ಸ್ವಲ್ಪ ನೆನಪಿರಬಹುದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ನಾನು ಗೇಟು ದಾಟುವುದನ್ನೇ ಬಿಟ್ಟಿದ್ದೆ. ಒಂದು ಮಧ್ಯಾಹ್ನ ಅವರು ಕಾಂಪೌಂಡಿನ ಆಚೆಯಿಂದ ಕೂಗಿದರು.

"ಬಾರೇ ಇಲ್ಲಿ. ಆಟಕ್ಕೆ ಒಬ್ರು ಕಮ್ಮಿ ಇದಾರೆ."

ಅವರ ಮನೆಯಲ್ಲಿ ನಾಲ್ವರು ಹೆಂಗಸರು ಕೂತು ಇಪ್ಪತ್ತೆಂಟು ಎನ್ನುವ ಇಸ್ಪೀಟಾಟ ಆಡುತ್ತಿದ್ದರು. ಅವರಲ್ಲೊಬ್ಬರು ಮಗಳ ಜೊತೆ ಇರಲು ವೈಯಾಲಿಕಾವಲ್‌ಗೆ ಹೋಗಿಬಿಟ್ಟಿದ್ದರು. ಉಳಿದವರು ಮೂವರು: ಅಕ್ಕ, ಎದುರುಮನೆಯ ಅಮ್ಮ, ಮತ್ತೆ ಚಾಮರಾಜಪೇಟೆಯಿಂದ ಬರುವ ಅಕ್ಕನ ಹಳೆಯ ಗೆಳತಿ. ಗಾಂಧಿ ಬಜಾರ್ ರಸ್ತೆಯನ್ನು ಅಗೆದುಹಾಕಿದ್ದ ಕಾಲ ಅದು. ಆಟೋದವರು ಒಳಗೆ ಬರಲು ಒಪ್ಪುತ್ತಿರಲಿಲ್ಲ. ಆದರೂ ಆಕೆ ಧೂಳಿನಲ್ಲಿ ನಡೆದುಕೊಂಡಾದರೂ ಬರುತ್ತಿದ್ದರು.

"ನಮ್ಮೂರಲ್ಲಿ ಇಸ್ಪೀಟು ಆಡೋರು ಗಂಡಸ್ರು ಅಕ್ಕ. ಅದ್ರಲ್ಲೂ ಕೆಟ್ಟೋರು" ಎಂದೆ.

"ಹಾಗಾದ್ರೆ ನಾವೂ ಕೆಟ್ಟೋರೇ, ಕೂತ್ಕೋ" ಎಂದರು ಚಾಮರಾಜಪೇಟೆಯವರು.

ದುಡ್ಡಿಟ್ಟು ಆಡುತ್ತಿರಲಿಲ್ಲ. ಗೆದ್ದವರ ಮುಂದೆ ಹುಣಸೆಬೀಜ ಇಡುವುದು, ಅಷ್ಟೇ. ಎದುರುಬದುರು ಕೂತವರು ಒಂದು ಜೋಡಿ. ನಾನು ಅಕ್ಕನ ಜೋಡಿಯಾದೆ. ಒಬ್ಬರು ಒಂದು ಎಲೆ ಹಾಕಿದರೆ ಮಿಕ್ಕವರು ಅದೇ ಜಾತಿಯ ಎಲೆ ಹಾಕಬೇಕು, ಕಳಾವರಕ್ಕೆ ಕಳಾವರ, ಆಟೀನಿಗೆ ಆಟೀನು. ದೊಡ್ಡ ಎಲೆ ಹಾಕಿದವರಿಗೆ ಆ ಸುತ್ತು. ಈ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ಕೆಳಗೆ ಒಂಬತ್ತು, ಆಮೇಲೆ ಎಕ್ಕ. ರಾಜರಾಣಿಯರಿಗೆ ಬೆಲೆಯೇ ಇಲ್ಲ. ಬೇರೆಲ್ಲ ಜಾತಿಯನ್ನೂ ಹೊಡೆಯುವ ತುರುಪಿನ ಎಲೆಯನ್ನು ಮುಚ್ಚಿಟ್ಟಿರುತ್ತಾರೆ. ಆಡುವಾಗ ಜೋಡಿಯವರ ಜೊತೆ ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅದು ನನಗೆ ಹಿಡಿಸಿತು. ಮಾತಿಲ್ಲದೆ ನಾಲ್ಕು ಜನರ ನಡುವೆ ಕೂರಬಹುದಾದ ಜಾಗ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಚಾಮರಾಜಪೇಟೆಯವರು ಮಾತ್ರ ಆಗಾಗ ಕೆಮ್ಮುತ್ತಿದ್ದರು.

"ಏನೇ ಅದು? ಕಳಾವರದ ಕೆಮ್ಮೋ, ಆಟೀನಿನ ಕೆಮ್ಮೋ?" ಎಂದು ಅಕ್ಕ ರೇಗಿಸುತ್ತಿದ್ದರು.

ಮೊದಲ ದಿನಗಳಲ್ಲಿ ನಾವು ಸೋಲುತ್ತಲೇ ಇದ್ದೆವು. ಒಮ್ಮೆ ಎದುರುಮನೆಯ ಅಮ್ಮ ಡೈಮನ್ ಒಂಬತ್ತು ಹಾಕಿದರು. ನನ್ನ ಕೈಯಲ್ಲಿ ಡೈಮನ್ ಗುಲಾಮನಿದ್ದ. ಆದರೂ ಏಳು ಹಾಕಿ ಸುಮ್ಮನಾದೆ. ಆಟ ಮುಗಿದ ಮೇಲೆ ಅಕ್ಕ ಕೇಳಿದರು, "ಗುಲಾಮ ಇಟ್ಕೊಂಡು ಏಳು ಯಾಕೆ ಹಾಕ್ದೆ?"

"ಅವ್ರು ದೊಡ್ಡೋರಲ್ವಾ ಅಕ್ಕ. ಅವ್ರ ಎಲೆ ಮೇಲೆ ನಾನು ಹೆಂಗೆ ಹಾಕ್ಲಿ?"

ಮಿಕ್ಕ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಕಡೆ ಅತ್ತೆ ಕೂತ ಮಣೆಗಿಂತ ಎತ್ತರದ ಮಣೆಯಲ್ಲಿ ಸೊಸೆ ಕೂರುವುದಿಲ್ಲ. ನನಗೆ ಇಸ್ಪೀಟೂ ಹಾಗೇ ಕಂಡಿತ್ತು. ಅಕ್ಕ ನಗಲಿಲ್ಲ.

"ಇಲ್ಲಿ ಕೂತ್ಮೇಲೆ ಯಾರೂ ದೊಡ್ಡೋರಲ್ಲ ಕಣೇ. ಬೇಕಂತ ಯಾರಿಗಾದ್ರೂ ಬಿಟ್ಕೊಟ್ರೆ ಅವರನ್ನ ಆಟಕ್ಕೇ ಸೇರಿಸ್ಕೊಂಡಿಲ್ಲ ಅಂತ ಅರ್ಥ."

ಆಮೇಲೆ ನಾನು ಬಿಟ್ಟುಕೊಡಲಿಲ್ಲ. ಒಂದು ವರ್ಷ ಕಳೆಯುವಷ್ಟರಲ್ಲಿ ಅಕ್ಕ ಹಾಕಿದ ಎಲೆ ನೋಡಿದರೆ ಅವರ ಕೈಯಲ್ಲಿ ಇನ್ನೇನಿದೆ ಎಂದು ನನಗೆ ತಿಳಿಯುತ್ತಿತ್ತು.

ಮರುವರ್ಷ ಚಳಿಗಾಲದಲ್ಲಿ ಅಕ್ಕನಿಗೆ ಊಟ ಸೇರದಾಯಿತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಸ್ಪತ್ರೆಯಿಂದ ಕರೆತಂದ ಮಾರನೆಯ ದಿನ ಅವರ ಮಗ ನಮ್ಮ ಮೂವರನ್ನೂ ಗೇಟಿನ ಹತ್ತಿರವೇ ನಿಲ್ಲಿಸಿದ.

"ಆಂಟಿ, ಹೊಟ್ಟೇಲಿ ಗಡ್ಡೆ ಇದೆ. ಹರಡ್ಬಿಟ್ಟಿದೆ. ಡಾಕ್ಟರ್ ಕೈಬಿಟ್ಟಿದಾರೆ. ಅಮ್ಮಂಗೆ ಅಲ್ಸರ್ ಅಂತ ಹೇಳಿದೀವಿ, ನೀವೂ ಹಾಗೇ ಹೇಳಿ. ಗೊತ್ತಾದ್ರೆ ತಡ್ಕೊಳಲ್ಲ."

ಅವನ ಕಣ್ಣು ಕೆಂಪಾಗಿತ್ತು. ನಾವು ತಲೆಯಾಡಿಸಿ ಒಳಗೆ ಹೋದೆವು.

ಆಟ ಅಕ್ಕನ ಮಂಚದ ಪಕ್ಕಕ್ಕೆ ಬಂತು. ಅವರು ದಿಂಬಿಗೊರಗಿ ಆಡುತ್ತಿದ್ದರು. ಮೈಸೂರಿನಲ್ಲಿ ಅವರಿಗೊಬ್ಬ ತಂಗಿ ಇದ್ದರು. ತಾಯಿ ತೀರಿಕೊಂಡಾಗ ಏನೋ ಮಾತು ಬಂದು, ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. "ಈ ಅಲ್ಸರ್ ವಾಸಿಯಾಗ್ಲಿ. ಯುಗಾದಿ ಮುಗಿಸ್ಕೊಂಡು ಮೈಸೂರಿಗೆ ಹೋಗ್ತೀನಿ. ನಾನೇ ಹೋಗಿ ಮಾತಾಡಿಸ್ತೀನಿ, ದೊಡ್ಡೋಳು ನಾನೇ ತಾನೆ" ಎಂದು ಅಕ್ಕ ಆಗಾಗ ಹೇಳುವರು. ಯುಗಾದಿ ಅವರ ಪಾಲಿಗಿಲ್ಲ ಎಂದು ನಮಗೆ ಗೊತ್ತಿತ್ತು. ಎದುರುಮನೆಯ ಅಮ್ಮ, "ಹೋಗ್ಬನ್ನಿ, ಬರ್ತಾ ಮೈಸೂರ್‌ಪಾಕ್ ತನ್ನಿ" ಎನ್ನುವರು. ನಾನು ತಲೆ ತಗ್ಗಿಸಿ ಎಲೆ ಕಲಸುತ್ತಿದ್ದೆ.

ಆ ದಿನಗಳಲ್ಲಿ ನಾನು, ಅಕ್ಕ ಪ್ರತಿ ಆಟವನ್ನೂ ಗೆಲ್ಲತೊಡಗಿದೆವು. ಅಕ್ಕನ ಮುಂದೆ ಹುಣಸೆಬೀಜ ರಾಶಿಯಾಯಿತು. ನನಗೆ ಅರ್ಥವಾಗಿತ್ತು, ಆದರೆ ಹೇಗೆ ಹೇಳಲಿ? ಮಿಕ್ಕ ಇಬ್ಬರೂ ಪ್ರೀತಿಯಿಂದಲೇ ಸೋಲುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕ ಆಟೀನಿನ ಒಂಬತ್ತು ಹಾಕಿದರು. ಎದುರುಮನೆಯ ಅಮ್ಮ ಚಿಕ್ಕ ಎಲೆ ಹಾಕಿದರು. ಆ ಸುತ್ತು ನಮಗೇ ಬಂತು. ಕೊನೆಯ ಸುತ್ತಿನಲ್ಲಿ ಅಕ್ಕ ತುರುಪು ಇಳಿಸಿದಾಗ ಎದುರುಮನೆಯ ಅಮ್ಮನ ಕೈಯಲ್ಲಿ ಒಂದೇ ಎಲೆ ಉಳಿದಿತ್ತು. ಹಾಕಲೇಬೇಕು. ಹಾಕಿದರು. ಆಟೀನಿನ ಗುಲಾಮ.

ಅಕ್ಕ ಅದನ್ನು ಎತ್ತಿಕೊಂಡು ನೋಡಿದರು. "ನನ್ನ ಒಂಬತ್ತು ಬಿದ್ದಾಗ ಇದು ನಿಮ್ಮ ಕೈಲಿತ್ತು."

"ಕನ್ನಡಕ ಸರಿಯಿಲ್ಲ ಕಣ್ರೀ, ಕಾಣಿಸ್ಲಿಲ್ಲ."

"ಹೌದಾ" ಎಂದರು ಅಕ್ಕ. ಎಲೆಗಳನ್ನು ತಾವೇ ಜೋಡಿಸಿ ಡಬ್ಬಿಗೆ ಹಾಕಿದರು. "ಇವತ್ತಿಗೆ ಸಾಕು. ಸುಸ್ತಾಗ್ತಿದೆ." ಎಲ್ಲರೂ ಎದ್ದೆವು. ಅಕ್ಕ ನನ್ನ ಕೈಯನ್ನು ಮಾತ್ರ ಹಿಡಿದುಕೊಂಡರು. ಅವರಿಬ್ಬರೂ ಹೋದ ಮೇಲೆ ಕೇಳಿದರು.

"ನೀನು ಹೇಳೇ."

"ಏನಕ್ಕ?"

"ಅಲ್ಸರ್ ಬಂದೋರಿಗೆ ಯಾರೂ ಗುಲಾಮನ್ನ ಬಿಟ್ಕೊಡಲ್ಲ."

ಅಡುಗೆಮನೆಯಲ್ಲಿ ಅವರ ಸೊಸೆ ಮಿಕ್ಸಿ ಹಾಕಿದ್ದರು. ಅದು ನಿಲ್ಲುವವರೆಗೆ ಸುಮ್ಮನಿದ್ದರೆ ಯಾರಾದರೂ ಒಳಗೆ ಬರಬಹುದು, ನಾನು ತಪ್ಪಿಸಿಕೊಳ್ಳಬಹುದು ಅನ್ನಿಸಿತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಲ್ಸರ್ ಅಲ್ಲ ಅಕ್ಕ" ಎಂದೆ.

"ಗಡ್ಡೆನಾ?"

"ಹೂಂ."

"ಯುಗಾದಿ?"

ನಾನು ತಲೆ ಅಲ್ಲಾಡಿಸಿದೆ, ಇಲ್ಲ ಎಂದು.

ಅವರು ನನ್ನ ಕೈ ಬಿಟ್ಟರು. ಆಮೇಲೆ ಫೋನ್ ಕೊಡು ಎಂದರು. ತಂಗಿಯ ನಂಬರನ್ನು ನನ್ನಿಂದಲೇ ಒತ್ತಿಸಿದರು. "ನಾನು ಕಣೇ" ಎಂದರು, ಅಷ್ಟಕ್ಕೇ ಅವರ ದನಿ ಒಡೆಯಿತು. "ನನ್ಗೆ ಬರೋಕಾಗಲ್ಲ. ನೀನೇ ಬಾ. ನಾಳೆನೇ ಬಾ."

ಅವರ ಮಗ ಸಂಜೆಯೇ ನಮ್ಮ ಮನೆ ಬಾಗಿಲಿಗೆ ಬಂದ. "ಅಮ್ಮ ಊಟ ಮುಟ್ತಿಲ್ಲ. ಗೋಡೆ ಕಡೆ ತಿರುಗಿ ಮಲಗಿದಾರೆ. ಸಮಾಧಾನ ಆಯ್ತಾ ಆಂಟಿ? ಇನ್ಮೇಲೆ ನಮ್ಮನೆಗೆ ಬರ್ಬೇಡಿ." ಎದುರುಮನೆಯ ಅಮ್ಮ ದಾರಿಯಲ್ಲಿ ಸಿಕ್ಕಾಗ, "ಇದ್ದ ನಾಲ್ಕು ದಿನನೂ ನೀನೇ ಕಿತ್ಕೊಂಡೆ" ಎಂದು ಮುಖ ತಿರುಗಿಸಿದರು. ಆಟ ನಿಂತುಹೋಯಿತು.

ನಿಮಗೆ ಸುಳ್ಳು ಹೇಳಲಾರೆ. ನಿಜ ಗೊತ್ತಾಗಿ ಅಕ್ಕ ನೆಮ್ಮದಿಯಾಗಿ ಹೋದರು ಎಂದು ತಿಳಿಯಬೇಡಿ. ಅವರು ಹೆದರಿದರು. ನೋವಿನಿಂದ ಅಳುವುದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಾನು ಬಟ್ಟೆ ಒಣಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ, ಹೋಗುವಂತಿರಲಿಲ್ಲ. ಆದರೆ ತಂಗಿ ಬಂದಿದ್ದರು. ಕೊನೆಯವರೆಗೂ ಇದ್ದರು. ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು ತಲೆ ಬಾಚುವುದನ್ನು ಒಮ್ಮೆ ಕಂಡೆ. ಇಬ್ಬರೂ ಏನೋ ಮಾತಾಡುತ್ತಿದ್ದರು.

ಹೆಣ ಎತ್ತುವ ದಿನ ಬೀದಿಯವರ ಹಿಂದೆ ನಿಂತಿದ್ದೆ. ಆ ತಂಗಿ ಹುಡುಕಿಕೊಂಡು ಬಂದು, "ಫೋನ್ ಮಾಡಿಕೊಟ್ಟೋರು ನೀವೇನಾ?" ಎಂದು ಕೇಳಿದರು. ಹೂಂ ಎಂದೆ. ಒಂದು ಕ್ಷಣ ಕೈ ಹಿಡಿದುಕೊಂಡು ಒಳಗೆ ಹೋದರು.

ನಿಮ್ಮ ಅಪ್ಪ ಅಂದು ರಾತ್ರಿ ಊಟಕ್ಕೆ ಕೂತಾಗ, "ನಿಮಗ್ಯಾಕಮ್ಮ ಬೇಕಿತ್ತು ಅದು? ನಾನಾಗಿದ್ರೂ ಅವನ ಥರಾನೇ ಮಾಡ್ತಿದ್ದೆ" ಎಂದ. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ. ಅಂದಿನಿಂದ ನನಗೆ ಅದೇ ಭಯ.

ನಾಳೆ ನನಗೂ ಏನಾದರೂ ಬಂದರೆ ಬಾಗಿಲಾಚೆ ಪಿಸುಮಾತು ಬೇಡ. ನನಗೆ ಹೇಳಿ. ಹೆದರುತ್ತೇನೆ, ಅಳುತ್ತೇನೆ, ಪರವಾಗಿಲ್ಲ. ಕರೆಯಬೇಕಾದವರನ್ನು ಕರೆಯಲು ನನಗೆ ಹೊತ್ತು ಬೇಕು. ನಿಮ್ಮ ಅಪ್ಪನ ಎದುರು ಕೂತು ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವನು ಒಪ್ಪದಿದ್ದರೆ ಇದನ್ನು ಅವನ ಕೈಗೆ ಕೊಡಿ, ನನ್ನ ಅಕ್ಷರ ಅವನಿಗೆ ಗೊತ್ತು. ಅಲ್ಲಿಯವರೆಗೆ ಈ ಹಾಳೆಗಳನ್ನು ಎಲ್ಲಿಯೂ ಕಳೆಯದೆ ಇಟ್ಟುಕೊಳ್ಳಿ.