ಒಂದನ್ನೇ ಅಳಿಸಬೇಕಿತ್ತು

ನನ್ನ ತಂಗಿಯ ಮಗಳನ್ನು ನಾವೆಲ್ಲ ರೇಡಿಯೋ ಅಂತಲೇ ಕರೆಯುತ್ತಿದ್ದೆವು. ಚಿಕ್ಕವಳಿದ್ದಾಗ ಅವಳು ಸುಮ್ಮನಿದ್ದದ್ದನ್ನು ಕಂಡವರಿಲ್ಲ, ನಿದ್ದೆಯಲ್ಲೂ ವಟವಟ. ಮದುವೆಯಾದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಗಂಡ ಕೈ ಎತ್ತುವವನು. ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಿದ್ದಳು. ಎಂಥ ನೆರಿಗೆ ಅಂತೀ, ನೀರು ಹರಿದ ಹಾಗೆ! ಇರಲಿ, ನಾನು ಹೇಳಹೊರಟಿದ್ದು ಅದಲ್ಲ.

ಮನೆಯಲ್ಲಿ ಇಬ್ಬರಿಗೂ ಒಂದೇ ಕಂಪ್ಯೂಟರು. ಅದರಲ್ಲಿ ಅವಳು ಗುಟ್ಟಾಗಿ ಬೇರೆ ಊರಲ್ಲಿ ಬಾಡಿಗೆ ರೂಮು ಹುಡುಕುತ್ತಿದ್ದಳು. ನೋಡಿದ್ದರ ಹಿಸ್ಟರಿ ಅಳಿಸಿ, ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದಳು. ಒಂದು ಬೆಳಿಗ್ಗೆ ಗಂಡ ಅದರಲ್ಲೇ ಸುದ್ದಿ ಓದುತ್ತಿದ್ದರೆ ಪಕ್ಕದಲ್ಲೇ ಜಾಹೀರಾತು: ಒಂಟಿ ಮಹಿಳೆಯರಿಗೆ ರೂಮುಗಳು.

"ಯಾರಿಗಿದು?" ಅಂದನಂತೆ.

"ನಂಗೇನ್ರೀ ಗೊತ್ತು?"

"ಸಂಜೆ ಬಂದು ನೋಡ್ತೀನಿ."

ಅವನು ಕೆಲಸಕ್ಕೆ ಹೋದದ್ದೇ ನನಗೆ ಫೋನು. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಅವಳು ಆಗಲೇ ಕಂಪ್ಯೂಟರಿನ ಮುಂದೆ ಕುಳಿತಿದ್ದಳು.

"ದೊಡ್ಡಮ್ಮ, ಹಿಸ್ಟರಿ ಅಳಿಸಿದ್ರೂ ಕುಕೀ ಉಳಿಯತ್ತಂತೆ. ನಾವು ಹೋದ ಸೈಟು ಇಲ್ಲೇ ಒಂದು ಗುರುತು ಬಿಟ್ಟಿರತ್ತೆ, ಅದನ್ನ ನೋಡ್ಕೊಂಡೇ ಆ ಜಾಹೀರಾತು ಬರೋದು."

"ಎಲ್ಲಾ ಗುಡಿಸಿ ಬಿಸಾಕೇ, ಹಾಳಾಗ್ಲಿ!"

"ಎಲ್ಲಾ ಹೋದ್ರೆ ನಮ್ಮನೆಯವರ ಮೇಲ್ ಕೂಡ ಪಾಸ್‌ವರ್ಡ್ ಕೇಳತ್ತೆ. ಯಾಕೆ ಅಳಿಸ್ದೆ ಅಂತ ಹಿಡ್ಕೊಳಲ್ವಾ?"

ನಾನು ಬಾಗಿಲಲ್ಲಿ ಕಾವಲು ನಿಂತೆ. ಮಂಡಿನೋವು ಬೇರೆ. ಬೀದಿಯಲ್ಲಿ ಯಾವ ಸ್ಕೂಟರು ಸದ್ದಾದರೂ ಕತ್ತು ಚಾಚಿ ನೋಡುತ್ತಿದ್ದೆ. ಅವಳು ಸೆಟ್ಟಿಂಗಿನಲ್ಲಿ ಕುಕೀ ಬಿಟ್ಟ ಸೈಟುಗಳ ಪಟ್ಟಿ ತೆಗೆದು ಒಂದೊಂದೇ ಹೆಸರು ಓದಿದಳು. ಗಂಡನ ಮೇಲ್ ಇರಲಿ, ಬಟ್ಟೆಯಂಗಡಿಯದು ಇರಲಿ. ರೂಮಿನವರದು, ಅವರ ಜಾಹೀರಾತಿನವರದು ಮಾತ್ರ ಅಳಿಸಿ, ಮತ್ತೆ ಬಾರದಂತೆ ತಡೆ ಹಾಕಿದಳು.

ಸಂಜೆ ಅವನು ಬಂದ. "ಏನು, ದೊಡ್ಡಮ್ಮನ ಸವಾರಿ ಈ ಕಡೆ?"

"ಪರದೆ ಬೇಕಿತ್ತಪ್ಪ," ಅಂದೆ.

ಅವನು ಕುಳಿತ. ಮೇಲ್ ಏನೂ ಕೇಳದೆ ತೆರೆದುಕೊಂಡಿತು. ಸುದ್ದಿಯ ಪಕ್ಕ ಟೈರಿನ ಜಾಹೀರಾತು. ಇನ್ನೊಂದು ಪುಟ ತೆರೆದ, ಮತ್ತೊಂದು. ಅವಳ ಉಸಿರಾಟ ನನಗೆ ಕೇಳಿಸುತ್ತಿತ್ತು. ಅವನಿಗೂ ಕೇಳಿಸೀತು ಅಂತ ನಾನು ಸುಮ್ಮಸುಮ್ಮನೆ ಕೆಮ್ಮಿದೆ.

"ಬೆಳಿಗ್ಗೆ ಬಂದಿದ್ದು ಯಾವುದೋ ದರಿದ್ರ ಜಾಹೀರಾತು," ಅಂದು ಎದ್ದ.

ಮರುವಾರ ಅವಳು ಒಂದೇ ಚೀಲ ಹಿಡಿದು ಹೊರಟಳು. ಈಗಲೂ ಯಾವ ಸೈಟು ಕುಕೀ ಒಪ್ಪುತ್ತೀರಾ ಅಂದರೂ ಪೂರ್ತಿ ಓದದೆ ಒತ್ತುವುದಿಲ್ಲವಂತೆ. ಫೋನಿನಲ್ಲಿ ಯಾವ ಊರು ಅಂತ ನನಗೂ ಹೇಳುವುದಿಲ್ಲ. ಅವನು ಎಂದಾದರೂ ಬಂದು ನನ್ನನ್ನು ಕೇಳಿದರೆ? ಅದಕ್ಕೇ ನಾನೂ ವಿಚಾರಿಸುವುದಿಲ್ಲ.