ಕಣಕ್ಕೆ ಬಾರದ ನೀರಗಂಟಿ

ಹೊಳಬಸಪ್ಪನ ಬಲಗೈಯ ಮೂರು ಬೆರಳು ಸಾಯುವತನಕ ಮಡಚಲು ಬರಲಿಲ್ಲ. ಮುರಿದವರು ಕಳ್ಳರಲ್ಲ, ದರೋಡೆಕೋರರಲ್ಲ, ನಮ್ಮೂರಿನ ಮರ್ಯಾದಸ್ಥರು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಮಾಸೂರಿನಾಚೆ ನಮ್ಮೂರ ಕೆರೆ. ಅದರ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿ ಕೆಲಸ ಹೊಳಬಸಪ್ಪನ ಮನೆತನದ್ದು. ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ರೈತರು ಭತ್ತ ಅಳೆದು ಕೊಡುತ್ತಿದ್ದರು. ಹೆಚ್ಚು ಅಳೆದವರ ಗದ್ದೆಗೆ ಮೊದಲು ನೀರು. ಕಾಲುವೆಯ ತುದಿಯಲ್ಲಿದ್ದ ಬಡವರ ಪೈರು ತೆನೆ ಬಿಡುವ ಹೊತ್ತಿಗೇ ಒಣಗುತ್ತಿತ್ತು. ಇದಕ್ಕೆ ಎಲ್ಲರೂ ಪದ್ಧತಿ ಎನ್ನುತ್ತಿದ್ದರು.

ಐವತ್ತೆಂಟನೇ ಇಸವಿಯಲ್ಲಿ ಸರಕಾರ ಅವನಿಗೆ ಖಾಕಿ ಅಂಗಿ, ತಿಂಗಳ ಪಗಾರ ಕೊಟ್ಟಿತು. ಬೇರೆಯವನಾಗಿದ್ದರೆ ಪಗಾರವನ್ನೂ ತಿಂದು ಕಣದ ಕಾಳನ್ನೂ ತಿನ್ನುತ್ತಿದ್ದ. ಈ ಪುಣ್ಯಾತ್ಮ ಚಾವಡಿಯ ಮುಂದೆ ನಿಂತು, "ಇನ್ನ ನಾ ಯಾರ ಕಣಕ್ಕೂ ಬರೂದಿಲ್ರಿ. ನೀರಿನ ಪಾಳಿ ತುದಿ ಗದ್ದಿಯಿಂದ ಸುರು. ಅಲ್ಲಿ ಮುಟ್ಟಿದ ಮ್ಯಾಲೆ ಕೆರಿ ಬಾಜೂದವರಿಗೆ," ಎಂದ. ಯಾವ ಸಾಹೇಬನೂ ಹೇಳಿಕೊಟ್ಟಿರಲಿಲ್ಲ. ಅವನ ತಲೆಗೇ ಹೊಳೆದದ್ದು.

ಕೆರೆಗೆ ಹತ್ತಿಕೊಂಡೇ ಗದ್ದೆ ಇದ್ದ ಗುದ್ಲೆಪ್ಪನಿಗೆ ಮಂದಿಯೆದುರು ಮುಖ ಕೆಂಪಾಯಿತು. "ನನ್ನ ಕಣದ ಕಾಳು ಒಲ್ಲೆ ಅಂತೀಯೇನಲೇ?" ಎಂದು ಅಲ್ಲೇ ಎದೆಗೆ ಒದ್ದ. ಹೊಳಬಸಪ್ಪ ಎದ್ದು ಅಂಗಿ ಝಾಡಿಸಿಕೊಂಡು ಕಾಲುವೆಯ ಕಡೆ ನಡೆದ. ಆ ವರ್ಷ ತುದಿಯ ಗದ್ದೆಯ ದುರಗವ್ವ ಮೊದಲ ಸಲ ತುಂಬಿದ ತೆನೆ ಕೊಯ್ದಳು.

ಅಲ್ಲೇ ಅವನು ಎಡವಿದ. ದುರಗವ್ವ ಮೊರದಲ್ಲಿ ಭತ್ತ ಹೊತ್ತು ಅವನ ಮನೆ ಬಾಗಿಲಿಗೇ ಬಂದಳು. "ಮೊದಲನೇ ರಾಶಿ ಐತೋ ಯಪ್ಪಾ. ಒಲ್ಲೆ ಅಂದ್ರ ಲಕ್ಷ್ಮಿ ಹೊಳ್ಳಿ ಹೋಗ್ತಾಳ," ಎಂದಳು. ಅವಳ ಕಣ್ಣು ತುಂಬಿತ್ತು. ಮೊದಲ ರಾಶಿಯ ಕಾಳನ್ನು ತಿರುಗಿಸಿ ಕಳಿಸುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಹೊಳಬಸಪ್ಪ ಒಂದು ಬೊಗಸೆ ತೆಗೆದುಕೊಂಡ.

ಸುದ್ದಿ ಗುದ್ಲೆಪ್ಪನಿಗೆ ಮುಟ್ಟಿತು. ಮುಂದಿನ ಬೆಳೆಗೆ ನೀರು ಬಿಟ್ಟ ದಿನ, ಹಾಡಹಗಲೇ, ಅವನೂ ಅವನ ತಮ್ಮಂದಿರೂ ಕೆರೆ ಏರಿಯ ಮೇಲೆ ಹೊಳಬಸಪ್ಪನನ್ನು ಅಡ್ಡಗಟ್ಟಿದರು. "ಅವರ ಕಾಳು ತಿಂದು ಅವರಿಗೆ ನೀರು ಬಿಡ್ತೀ!" ಎಂದು ನೆಲಕ್ಕೆ ಕೆಡವಿದರು. ಬಾಯಿಗೆ ಮಣ್ಣು ತುರುಕಿದರು. ಭತ್ತ ತೆಗೆದುಕೊಂಡ ಬಲಗೈಯನ್ನು ಕಲ್ಲಿನ ಮೇಲಿಟ್ಟು ಗುದ್ದಲಿಯ ಹಿಂಬದಿಯಿಂದ ಜಜ್ಜಿದರು. ಅವನ ಚೀರಾಟ ಊರಿಗೆಲ್ಲ ಕೇಳಿತು; ಗಂಡಸರು ಯಾರೂ ಹೊರಬೀಳಲಿಲ್ಲ.

ಬಂದವಳು ದುರಗವ್ವ, ಕೈಯಲ್ಲಿ ಕುಡಗೋಲು. ಒಂದೇ ಬೀಸಿಗೆ ಗುದ್ಲೆಪ್ಪನ ಭುಜ ಬಿರಿದು ರಕ್ತ ಚಿಮ್ಮಿತು. ತಮ್ಮಂದಿರು ಅವನನ್ನು ಎತ್ತಿಕೊಂಡು ಓಡಿದರು. ಹೆಂಗಸಿನ ಕೈಯಲ್ಲಿ ಏಟು ತಿಂದೆನೆಂದು ಹೇಳಲು ನಾಚಿ ಅವನು ಪೊಲೀಸರ ಬಳಿ ಹೋಗಲೇ ಇಲ್ಲ.

ಹೊಳಬಸಪ್ಪ ಹಿರೇಕೆರೂರಿನ ದವಾಖಾನೆಯಲ್ಲಿ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮರುದಿನವೇ ಕೆಲಸಕ್ಕೆ ಬಂದ. ಎಡಗೈಯಿಂದ ಸಲಿಕೆ ಹಿಡಿದು ತುದಿಯಿಂದ ಒಂದೊಂದೇ ಗದ್ದೆಗೆ ನೀರು ತಿರುಗಿಸಿದ. ಕೊನೆಗೆ ಗುದ್ಲೆಪ್ಪನ ಪಾಳಿ ಬಂತು.

ದುರಗವ್ವ ಅಲ್ಲಿ ಕಾಲುವೆಗೇ ಇಳಿದು ನಿಂತಿದ್ದಳು. ಅವಳ ಬೆನ್ನಿಗೆ ಬಡಿಗೆ ಹಿಡಿದ ತುದಿಗದ್ದೆಯವರು. ಅವರಲ್ಲಿ ನಾನೂ ಇದ್ದೆ. ಬದುವಿನ ಮೇಲೆ ಗುದ್ಲೆಪ್ಪ, ಗಾಯದ ಭುಜಕ್ಕೆ ಬಟ್ಟೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಕೊಡಲಿ ಹಿಡಿದು ಕಾಯುತ್ತಿದ್ದ.

"ಈ ಹರಾಮಖೋರನ ಗದ್ದಿಗೆ ಹನಿ ನೀರ ಬಿಡೂದಿಲ್ಲ!" ಎಂದಳು ದುರಗವ್ವ.

"ಸರಿಯಬೇ ಯಕ್ಕಾ. ಇವತ್ತು ಅಂವನ ಪಾಳಿ," ಎಂದ ಹೊಳಬಸಪ್ಪ.

"ನಿನ್ನ ಕೈ ಮುರದಾನೋ!"

"ಮುರದಾನ, ಖರೆ. ನಾ ಪಾಳಿ ಮುರದ್ರ ಅಂವಗೂ ನನಗೂ ಏನ್ ಫರಕು?"

ಅವಳನ್ನು ಭುಜದಿಂದ ಸರಿಸಿ, ಒಂದೇ ಕೈಯಿಂದ ಮಣ್ಣು ಎಳೆದ. ನೀರು ಗದ್ದೆಗೆ ನುಗ್ಗಿತು. ಗುದ್ಲೆಪ್ಪ ಕೊಡಲಿ ಹಿಡಿದು ನಿಂತೇ ಇದ್ದ. ನೀರೇ ಬಂದ ಮೇಲೆ ಅವನಿಗೆ ಹೊಡೆಯಲು ಎದುರಾಳಿಯೇ ಉಳಿದಿರಲಿಲ್ಲ. ಕೈ ಮುರಿದವನಿಗೂ ನೀರು ಬಿಟ್ಟನಲ್ಲ ಎಂದು ನನಗೆ ಅವತ್ತು ಹೊಳಬಸಪ್ಪನ ಮೇಲೇ ಕೆಟ್ಟ ಸಿಟ್ಟು ಬಂದಿತ್ತು. ನಮ್ಮೂರಲ್ಲಿ ಇವತ್ತಿಗೂ ನೀರಿನ ಪಾಳಿ ತುದಿಯ ಗದ್ದೆಯಿಂದಲೇ ಸುರುವಾಗುತ್ತದೆ.