ಐದನೆಯ ವೃತ್ತ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ಶನಿವಾರ ಅಕ್ಕ ಉಟ್ಟಿದ್ದು ಶಾಲೆಯ ನೀಲಿ ಸೀರೆಯೋ ಮನೆಯ ಹಸಿರು ಸೀರೆಯೋ, ನಾವು ಕೂತದ್ದು ಮೇಲಿನ ಮೆಟ್ಟಿಲ ಮೇಲೋ ನೀರಿನ ಹತ್ತಿರವೋ, ನನಗೆ ಖಚಿತವಿಲ್ಲ. ಎಷ್ಟೋ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಹಳೆಯ ಪುಟಗಳನ್ನು ತಿರುವಿದರೆ ಗೊತ್ತಾಗುವುದು ಇಷ್ಟೇ: ನನಗೆ ಅನುಕೂಲವಾದದ್ದನ್ನು ಉದ್ದಕ್ಕೆ ಬರೆದಿರುತ್ತೇನೆ, ಆಗದ್ದಕ್ಕೆ ಒಂದು ಸಾಲು. ಹಾಗಾಗಿ ದಿನಚರಿಯಲ್ಲಿ ಇರುವುದನ್ನು ದಿನಚರಿಯಲ್ಲಿದೆ ಎಂದೇ ಹೇಳುತ್ತೇನೆ. ಉಳಿದದ್ದು ನನ್ನ ನೆನಪು. ಅದನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಅಕ್ಕ ಎಂದರೆ ದೊಡ್ಡಮ್ಮನ ಮಗಳು. ನನಗಿಂತ ಆರು ವರ್ಷ ದೊಡ್ಡವಳು. ಸೋಸಲೆಗೆ ಮದುವೆಯಾಗಿ ಹೋಗಿ, ಟಿ. ನರಸೀಪುರದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ನಂಜನಗೂಡಿನ ಮನೆಯಲ್ಲಿ ಕೂತಿದ್ದೆ. ಪದವಿ ಓದಿದವರಿಗೆಂದು ಸರ್ಕಾರ ಕರೆದ ಒಂದು ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದೆವು. ಒಂದೇ ಜಿಲ್ಲೆ, ಒಂದೇ ಮೀಸಲಾತಿ ವರ್ಗ, ಇಬ್ಬರದೂ ಗ್ರಾಮೀಣ ಕೋಟಾ. ನನಗೆ ಇನ್ನೂ ವಯಸ್ಸಿತ್ತು. ಅಕ್ಕನಿಗೆ ಅದು ಕೊನೆಯ ಪರೀಕ್ಷೆ. ಮುಂದಿನದು ಬರುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿರುತ್ತಿತ್ತು.

ನಂಜನಗೂಡಿನಲ್ಲಿ ರಸಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಕೋಚಿಂಗ್ ನಡೆಯುತ್ತಿತ್ತು. ಯೂರಿಯಾದ ವಾಸನೆ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಪಾಠ ಮಾಡುವ ಸರ್ ತಾವೇ ನಾಲ್ಕು ಸಲ ಬರೆದು, ಆಗದೆ, ಕಲಿಸಲು ಕೂತವರು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ, ಅನುಭವ ಎಂದು ಹೇಳಿಕೊಳ್ಳುತ್ತಿದ್ದರು.

"ಸಬ್ಜೆಕ್ಟು ಓದ್ಕೊಂಡು ಕೂತ್ರೆ ಅಷ್ಟೊತ್ಗೆ ನಿಮ್ ಮಕ್ಳು ಎಗ್ಜಾಮ್ ಬರೀತಾರೆ ಕಣ್ರಮ್ಮ," ಎಂದು ಮೊದಲ ದಿನವೇ ಹೇಳಿದ್ದರು. "ಪ್ಯಾಟರ್ನ್ ಇಡ್ಕೊಳ್ಳಿ. ಪೇಪರ್ ಮಾಡೋನು ಎಂಗ್ ಯೋಚ್ನೆ ಮಾಡ್ತಾನೆ ಅಂತ ನೋಡಿ. ಅವ್ನೂ ನಮ್ಮಂಗೇ ಸೋಮಾರಿ."

ನಾನು ಪ್ಯಾಟರ್ನ್ ಹಿಡಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು, ಇತಿಹಾಸಕ್ಕೆ ಕೆಂಪು, ಸಂವಿಧಾನಕ್ಕೆ ನೀಲಿ, ವಿಜ್ಞಾನಕ್ಕೆ ಹಸಿರು ಎಂದು ಬಣ್ಣ ಬಳಿದು ಒಂದು ದೊಡ್ಡ ಚಾರ್ಟ್ ಮಾಡಿದೆ. ಎಲ್ಲಿಂದ ಎಷ್ಟು ಬರುತ್ತದೆ, ಯಾವುದು ಮರಳಿ ಬರುತ್ತದೆ, ಯಾವುದನ್ನು ಓದುವುದೇ ದಂಡ, ಎಲ್ಲ ಅದರಲ್ಲಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ ಏರಿದೆ ಎಂದು ಡಾಕ್ಟರು ಹೇಳಿದ ದಿನ ನನ್ನ ತಲೆಗೆ ಮೊದಲು ಬಂದದ್ದು ಅಪ್ಪನಲ್ಲ. ಮೇದೋಜೀರಕ ಗ್ರಂಥಿ, ಎರಡು ಸಲ ಕೇಳಿದ್ದಾರೆ, ಆಯ್ಕೆ ಬಿ. ಅಪ್ಪ ಎದುರಿಗೆ ಸ್ಟೂಲಿನ ಮೇಲೆ ಚಪ್ಪಲಿ ಕಳಚಿ ಕೂತಿದ್ದರು. ಇದನ್ನು ನಾನು ದಿನಚರಿಯಲ್ಲಿ ಬರೆದಿಲ್ಲ. ಬರೆಯದಿದ್ದರೂ ಮರೆತಿಲ್ಲ.

ಅಕ್ಕನಿಗೆ ಭಾನುವಾರ ಮನೆ ಬಿಟ್ಟು ಬರಲಾಗುತ್ತಿರಲಿಲ್ಲ. ಅತ್ತೆ, ದನ, ಗದ್ದೆಗೆ ಆಳು ಬಂದರೆ ಅಡುಗೆ. ಆದ್ದರಿಂದ ನಾವು ಒಂದು ಏರ್ಪಾಟು ಮಾಡಿಕೊಂಡೆವು. ಕ್ಲಾಸಿಗೆ ನಾನು ಹೋಗುವುದು; ಪ್ಯಾಟರ್ನ್, ನಿಯಮ, ಅಧಿಸೂಚನೆ ಎಲ್ಲ ನನ್ನ ಪಾಲು. ಲೆಕ್ಕ ಮತ್ತು ಮಾನಸಿಕ ಸಾಮರ್ಥ್ಯ ಅವಳ ಪಾಲು. ಶನಿವಾರ ಅವಳ ಶಾಲೆ ಮಧ್ಯಾಹ್ನಕ್ಕೆ ಬಿಡುತ್ತಿತ್ತು. ನಾನು ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ನರಸೀಪುರಕ್ಕೆ ಹೋಗುತ್ತಿದ್ದೆ. ಹೊಳೆ ಕೂಡುವ ಕಡೆ ಮೆಟ್ಟಿಲ ಮೇಲೆ ಕೂತು, ವಾರದಲ್ಲಿ ಕಲಿತದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದೆವು. ಗಡಿಯಾರದ ಮುಳ್ಳುಗಳ ನಡುವಿನ ಕೋನ, ದೋಣಿಯ ವೇಗ, ರಕ್ತಸಂಬಂಧದ ಒಗಟು, ಯಾವುದೂ ನನಗೆ ಹತ್ತುತ್ತಿರಲಿಲ್ಲ. ಅಕ್ಕ ಕಡಲೆಕಾಯಿ ಸಿಪ್ಪೆ ಜೋಡಿಸಿ ತೋರಿಸುತ್ತಿದ್ದಳು.

"ಎಂ.ಎ. ಓದಿ ಏನ್ ಮಾಡ್ದೆ ಅಮ್ಮಿ ನೀನು? ಐದ್ನೇ ಕ್ಲಾಸ್ ಮಕ್ಳು ಮಾಡ್ತವೆ ಇದ."

"ನಂದು ಸಾಹಿತ್ಯ ಅಕ್ಕ."

"ದೋಣಿಲಿ ಕುಂತ್ಕೊಂಡು ಪದ್ಯ ಏಳ್ತೀಯಾ ಎಂಗೆ? ಮುಳುಗೋಯ್ತೀಯ. ಲೆಕ್ಕ ಮಾಡು."

ಒಂದು ಶನಿವಾರ ಕ್ಲಾಸಿನ ಮಾದರಿ ಪ್ರಶ್ನೆಪತ್ರಿಕೆ ಒಯ್ದಿದ್ದೆ. ಅದರಲ್ಲಿ ಒಂದು ಪ್ರಶ್ನೆ: ಟಿ. ನರಸೀಪುರದ ಸಂಗಮದಲ್ಲಿ ಎಷ್ಟು ನದಿಗಳು ಸೇರುತ್ತವೆ? ಅಕ್ಕ ನಕ್ಕುಬಿಟ್ಟಳು. "ನಾ ಬಟ್ಟೆ ಒಗ್ಯೋ ಜಾಗದ ಮ್ಯಾಲೆ ಪ್ರಶ್ನೆ ಬಂದದೆ ಕಣಮ್ಮಿ!" ಎಂದು ಎರಡು ಎಂದು ಗುರುತು ಹಾಕಿದಳು. ಸರಿಯುತ್ತರ ಮೂರು ಎಂದಿತ್ತು. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ. ಅಕ್ಕ ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು, ನೀರನ್ನು ಆ ಕಡೆಯಿಂದ ಈ ಕಡೆಗೆ ನೋಡಿದಳು. "ಎರಡೇ ಅವೆ. ಬೇಕಾರೆ ನೀನೇ ಎಣ್ಸು."

ಮರುದಿನ ಸರ್‌ಗೆ ಹೇಳಿದೆ. ಅವರು ಗಂಭೀರವಾಗಿಯೇ ಉತ್ತರಿಸಿದರು: "ಕಣ್ಣಲ್ಲಿ ನೋಡಿದ್ದನ್ನ ಬರೀಬ್ಯಾಡಿ ಅಂತ ನಿಮ್ಮಕ್ಕಂಗೆ ಏಳಿ. ಕೀ ಆನ್ಸರ್ ನೋಡಿ ಬರೀರಿ." ಕ್ಲಾಸಿನಲ್ಲಿ ಎಲ್ಲರೂ ಅದನ್ನು ಬರೆದುಕೊಂಡರು. ನಾನೂ ಬರೆದುಕೊಂಡೆ. ಪುಸ್ತಕದಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಸಹ್ಯಪಡಬೇಕಾದವಳು ಗೆರೆ ಎಳೆದಿದ್ದೇನೆ.

ಈಗ ಉತ್ತರಪತ್ರಿಕೆಯ ವಿಷಯ. ಈ ಪರೀಕ್ಷೆಯಲ್ಲಿ ಏನನ್ನೂ ಬರೆಯುವಂತಿಲ್ಲ. ಪ್ರತಿ ಪ್ರಶ್ನೆಯ ಎದುರು ಸಾಲಾಗಿ ವೃತ್ತಗಳಿರುತ್ತವೆ, ಸರಿ ಎನಿಸಿದ್ದನ್ನು ಪೆನ್ನಿನಿಂದ ತುಂಬಬೇಕು. ಅದಕ್ಕೂ ಅಭ್ಯಾಸ ಬೇಕು, ಇಲ್ಲದಿದ್ದರೆ ಸಮಯ ಸಾಲುವುದಿಲ್ಲ. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಮಾದರಿಯ ಹಾಳೆಗಳ ಒಂದು ಕಟ್ಟು ಉಳಿದುಕೊಂಡಿತ್ತು. ಪ್ರಶ್ನೆಗೆ ನಾಲ್ಕು ವೃತ್ತ. ಪೂರ್ತಿ ಕಟ್ಟನ್ನು ಅಕ್ಕನಿಗೆ ಒಯ್ದು ಕೊಟ್ಟೆ. ಅವಳು ಶಾಲೆಯ ಊಟದ ಬಿಡುವಿನಲ್ಲಿ, ಬಸ್ಸಿಗೆ ಕಾಯುವಾಗ, ಹಾಲು ಕಾಯಿಸುವಾಗ ತುಂಬುತ್ತಿದ್ದಳು. ಗೊತ್ತಿಲ್ಲದ್ದನ್ನು ಖಾಲಿ ಬಿಡು, ತಪ್ಪು ತುಂಬಿದರೆ ಕಾಲು ಅಂಕ ಹೋಗುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ಆ ಕಾಲಕ್ಕೆ ಅದು ಸರಿಯಾಗಿತ್ತು.

ಆಮೇಲೆ ನಿಯಮ ಬದಲಾಯಿತು. ಹೊಸ ಹಾಳೆಯಲ್ಲಿ ಐದು ವೃತ್ತ. ಉತ್ತರ ಗೊತ್ತಿಲ್ಲದಿದ್ದರೆ ಐದನೆಯದನ್ನು ತುಂಬಬೇಕು. ಯಾವುದನ್ನೂ ತುಂಬದೆ ಬಿಟ್ಟರೆ ಅದಕ್ಕೂ ಕಾಲು ಅಂಕ ಕಡಿತ. ಖಾಲಿ ಬಿಟ್ಟ ಜಾಗವನ್ನು ಆಮೇಲೆ ಯಾರೋ ತುಂಬಿಬಿಡುತ್ತಾರೆ, ಅದಕ್ಕೇ ಈ ಏರ್ಪಾಡು ಎಂದು ಸರ್ ಹೇಳಿದರು. ಯಾರದೋ ಕಳ್ಳತನಕ್ಕೆ ನಾವೆಲ್ಲ ನೂರು ಸಲ 'ನನಗೆ ಗೊತ್ತಿಲ್ಲ' ಎಂದು ಸಹಿ ಹಾಕಿಕೊಡಬೇಕಿತ್ತು.

ಆ ಭಾನುವಾರದ ದಿನಚರಿ ನನ್ನ ಮುಂದಿದೆ. "ಐದನೇ ವೃತ್ತ. ಅಕ್ಕನಿಗೆ ಹೇಳಬೇಕು." ಇಷ್ಟೇ.

ಮುಂದಿನ ಶನಿವಾರದ ಪುಟವೂ ಇದೆ. ಬಸ್ಸು ಸುತ್ತೂರಿನ ಹತ್ತಿರ ಕೆಟ್ಟು ನಿಂತದ್ದು, ಮೆಣಸಿನಕಾಯಿ ಬೋಂಡ ತಿಂದದ್ದು, ಶೇಕಡಾವಾರು ಲೆಕ್ಕವನ್ನು ಅಕ್ಕ ಹೊಸ ರೀತಿಯಲ್ಲಿ ಹೇಳಿಕೊಟ್ಟದ್ದು, ಎಲ್ಲ ಒಂದೂವರೆ ಪುಟ. ಐದನೆಯ ವೃತ್ತದ ಮಾತಿಲ್ಲ. ಹೇಳಿ ಮುಗಿಸಿದ್ದಕ್ಕೆ ಪಕ್ಕದಲ್ಲಿ ಟಿಕ್ ಹಾಕುವ ಅಭ್ಯಾಸ ನನಗಿತ್ತು. ಭಾನುವಾರದ ಆ ಸಾಲಿನ ಪಕ್ಕ ಟಿಕ್ ಇಲ್ಲ. ಆದರೆ ಖಂಡಿತವಾಗಿ ಹೇಳಿದ್ದ ಎಷ್ಟೋ ವಿಷಯಗಳ ಪಕ್ಕವೂ ಇಲ್ಲ. ಹಾಳೆಯ ಫೋಟೊ ತೆಗೆದು ಫೋನಿನಲ್ಲಿ ಕಳಿಸಿದ್ದೆ ಎಂದು ಒಂದೊಂದು ಸಲ ಅನಿಸುತ್ತದೆ. ಆ ಫೋನು ಈಗ ಇಲ್ಲ. ಫೋಟೊ ತೆಗೆಯಲು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದದ್ದು ಕಣ್ಣಿಗೆ ಕಟ್ಟಿದಂತಿದೆ. ಇಂಥವನ್ನು ಮನಸ್ಸು ಬೇಕಾದಾಗ ತಯಾರಿಸಿಕೊಳ್ಳುತ್ತದೆ ಎಂಬುದೂ ನನಗೆ ಗೊತ್ತು.

ಒಂದು ಮಾತ್ರ ಅನುಮಾನವಿಲ್ಲದೆ ನೆನಪಿದೆ. ಪರೀಕ್ಷೆಯ ಹಿಂದಿನ ದಿನ ಅಕ್ಕ ಫೋನ್ ಮಾಡಿದ್ದಳು. ಪ್ರಶ್ನೆಪತ್ರಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ ಸೂಚನೆಗಳು ಇರುತ್ತವಲ್ಲ, ಅವನ್ನೆಲ್ಲ ಓದಬೇಕಾ ಎಂದು ಕೇಳಿದಳು.

"ಅದಕ್ಕೆ ಟೈಮ್ ಹಾಳು ಮಾಡ್ಬೇಡ ಅಕ್ಕ," ಎಂದೆ. "ಅದರಲ್ಲಿ ಇರೋದೆಲ್ಲ ನಾನು ಹೇಳಿದ್ದೀನಿ."

"ಸರಿ ಬುಡು. ಇನ್ನು ನೀನೇ ಸೂಚನೆ," ಎಂದು ನಕ್ಕಳು.

ಮೈಸೂರಿನಲ್ಲಿ ಇಬ್ಬರಿಗೂ ಬೇರೆ ಬೇರೆ ಪರೀಕ್ಷಾ ಕೇಂದ್ರ. ಸಂಜೆ ಬಸ್ ನಿಲ್ದಾಣದಲ್ಲಿ ಸೇರಿದೆವು. ಕೇಂದ್ರದ ಬಾಗಿಲಲ್ಲಿ ತಪಾಸಣೆಗೆಂದು ಅವಳ ತಾಳಿ ಸರ ಬಿಟ್ಟು ಉಳಿದ ಒಡವೆಯೆಲ್ಲ ಬಿಚ್ಚಿಸಿದ್ದರು. ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಆದರೂ ಖುಷಿಯಾಗಿದ್ದಳು.

"ಲೆಕ್ಕ ಒಂದೂ ಬುಟ್ಟಿಲ್ಲ ಕಣಮ್ಮಿ. ಆ ದೋಣಿ ಬಂದಿತ್ತು, ನೋಡ್ದಾ? ಗೊತ್ತಿಲ್ದೆ ಬುಟ್ಟಿದ್ದು ಹನ್ನೆರಡೇ."

"ಬಿಟ್ಟೆ ಅಂದ್ರೆ? ಐದನೇದು ತುಂಬಿದೆ ತಾನೆ?"

"ಅದ್ಯಾಕ ತುಂಬ್ಲಿ? ಅದು ಗೊತ್ತಿಲ್ಲ ಅನ್ನೋದಲ್ವಾ? ಗೊತ್ತಿಲ್ಲ ಅಂತ ಬಾಯ್ಬುಟ್ಟು ಬೇರೆ ಏಳ್ಬೇಕಾ ಅವ್ರಿಗೆ? ಖಾಲಿ ಬುಟ್ರೆ ತಿಳಿಯಕಿಲ್ವಾ?"

ಅಷ್ಟರಲ್ಲಿ ನರಸೀಪುರದ ಬಸ್ಸು ಬಂತು. ಅವಳು ಓಡಿ ಹೋಗಿ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದಳು. ಒಳಗೆ ಬಳೆಗಳು ಝಲ್ಲೆಂದವು.

ಫಲಿತಾಂಶ ಬಂದಾಗ ನಮ್ಮ ವರ್ಗದ ಪಟ್ಟಿಯ ಕೊನೆಯ ಹೆಸರು ನನ್ನದು. ಅಕ್ಕನದು ಪಟ್ಟಿಯಲ್ಲಿರಲಿಲ್ಲ. ನನಗಿಂತ ಅವಳಿಗೆ ಒಂದೂವರೆ ಅಂಕ ಕಡಿಮೆ. ಹನ್ನೆರಡು ಖಾಲಿ ಜಾಗಕ್ಕೆ ಮೂರು ಅಂಕ ಹೋಗಿತ್ತು. ಈ ಲೆಕ್ಕ ಮಾಡಲು ಎಂ.ಎ. ಬೇಡ. ಅವಳು ಹನ್ನೆರಡು ವೃತ್ತ ತುಂಬಿದ್ದರೆ ಪಟ್ಟಿಯ ಒಳಗೆ ಅವಳಿರುತ್ತಿದ್ದಳು, ಹೊರಗೆ ನಾನು. ನಾನು ಪಡೆದ ಅಂಕಗಳಲ್ಲಿ ಎಷ್ಟು ಅವಳ ಕಡಲೆಕಾಯಿ ಸಿಪ್ಪೆಯಿಂದ ಬಂದದ್ದು ಎಂದು ಲೆಕ್ಕ ಹಾಕಲು ಕೂತೆ, ನಡುವೆ ನಿಲ್ಲಿಸಿದೆ.

ಇಂಥ ಫಲಿತಾಂಶ ಬರುತ್ತದೆ ಎಂದು ಆ ಶನಿವಾರ ನನಗೆ ಗೊತ್ತಿರಲಿಲ್ಲ. ಬೇಕೆಂದು ಹೇಳದೆ ಉಳಿಯುವ ಹೆಂಗಸಲ್ಲ ನಾನು ಎಂದು ಅನೇಕ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಬಸ್ ನಿಲ್ದಾಣದಲ್ಲಿ ಅವಳು ಹನ್ನೆರಡು ಎಂದಾಗ ನನ್ನೊಳಗೆ ಒಂದು ಕ್ಷಣ ಏನೋ ಹಗುರಾಯಿತು. ದುಃಖ ಅದರ ಹಿಂದೆ ಬಂತು, ಮೊದಲಲ್ಲ. ಪ್ಯಾಟರ್ನ್ ಹಿಡಿಯುವುದರಲ್ಲಿ ನಾನು ಜಾಣೆ. ಸ್ಪರ್ಧೆಯಲ್ಲಿ ಒಬ್ಬಳು ಕಡಿಮೆಯಾದಳು ಎಂದು ಅಕ್ಕನ ಮುಖ ನೋಡುವ ಮೊದಲೇ ತಲೆ ಲೆಕ್ಕ ಹಾಕಿತ್ತು. ಈ ಪರೀಕ್ಷೆಯ ಬಗ್ಗೆ, ಇದನ್ನು ಕಲಿಸುವವರ ಬಗ್ಗೆ ನನಗಿರುವ ಹೇಸಿಗೆಗೆ ಇದರ ಮುಂದೆ ತೂಕವೇ ಇಲ್ಲ.

ಕೆಲಸಕ್ಕೆ ಸೇರಿದೆ. ಕೋಚಿಂಗ್‌ನವರು ಬಸ್ ನಿಲ್ದಾಣದ ಎದುರು ನನ್ನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿದರು. ಕೇಳದೆ ಹಾಕಿದ್ದು. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೇ, ಗೊತ್ತಿಲ್ಲ. ದಿನಾ ಅದರ ಕೆಳಗೇ ಬಸ್ಸಿಗೆ ಕಾಯುತ್ತಿದ್ದೆ. ಕೆಲವು ತಿಂಗಳ ಹಿಂದೆ ಸರ್ ಫೋನ್ ಮಾಡಿ, "ಮೇಡಂ, ಹೊಸ ಬ್ಯಾಚಿಗೆ ಪ್ಯಾಟರ್ನ್ ಬಗ್ಗೆ ಎರಡು ಮಾತು ಆಡ್ಬೇಕು," ಎಂದರು. ಪಾಠ ಕೇಳುವಾಗ ಬರಿ 'ಅಮ್ಮ' ಆಗಿದ್ದೆ. ಹೋದೆ. ಅದೇ ಯೂರಿಯಾ ವಾಸನೆ. ಬೋರ್ಡಿನ ಮೇಲೆ ಐದು ವೃತ್ತ ಬರೆದು, ಐದನೆಯದನ್ನು ಸೀಮೆಸುಣ್ಣದಿಂದ ತುಂಬಿ, ಬೇರೆ ಏನನ್ನೂ ಹೇಳುವ ಮೊದಲು ಅದನ್ನೇ ಮೂರು ಸಲ ಹೇಳಿದೆ. ಸೂಚನೆಗಳನ್ನು ನೀವೇ ಓದಿ, ಬೇರೆಯವರು ಹೇಳಿದ್ದನ್ನು ನಂಬಬೇಡಿ ಎಂದೂ ಹೇಳಿದೆ. ಹೆಸರೂ ಗೊತ್ತಿಲ್ಲದವರು ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ಚಪ್ಪಾಳೆ ತಟ್ಟಿದರು.

ಮುಂದಿನ ಶನಿವಾರ ಸೋಸಲೆಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಗೂಡು ಒರೆಸುತ್ತಿದ್ದಳು. ಒರೆಸಿದ ಹಲಗೆಯ ಮೇಲೆ ಹಾಸಲು ಪಕ್ಕದಲ್ಲಿ ಕಾಗದ ಇಟ್ಟುಕೊಂಡಿದ್ದಳು: ನಾನು ತಂದುಕೊಟ್ಟಿದ್ದ ಕಟ್ಟಿನಲ್ಲಿ ಉಳಿದ ಹಾಳೆಗಳು. ನಾಲ್ಕು ನಾಲ್ಕು ವೃತ್ತಗಳ ಸಾಲು.

"ಬಾ ಆಫೀಸರಮ್ಮ," ಎಂದಳು. "ಆ ಮೆಂತ್ಯದ ಡಬ್ಬಿ ಇತ್ಲಾಗ್ ಕೊಡು."

ಕೊಟ್ಟೆ. ಹಾಳೆಯ ಮೂಲೆಯನ್ನು ಹಲಗೆಗೆ ಸರಿಯಾಗಿ ಮಡಿಸಿ, ಉಗುರಿನಿಂದ ತೀಡಿ, ಡಬ್ಬಿ ಇಟ್ಟಳು. ಇನ್ನೊಂದು ಹಾಳೆ ತೆಗೆದುಕೊಂಡಳು. ಬಸ್ಸಿನಲ್ಲಿ ಬರುವಾಗ ಹಲವು ರೀತಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಕೊನೆಗೆ ನೇರವಾಗಿಯೇ ಬಂತು. ಅವಳು ಕೇಳಿಸಿಕೊಂಡಳು, ಅಷ್ಟು ಮಾತ್ರ ಖಚಿತ, ಏಕೆಂದರೆ ತೀಡುತ್ತಿದ್ದ ಉಗುರು ಅರ್ಧಕ್ಕೆ ನಿಂತಿತು. ಆಮೇಲೆ ಮತ್ತೆ ತೀಡಿ, ಮುಂದಿನ ಡಬ್ಬಿಗೆ ಕೈ ಚಾಚಿದಳು. ಅದಾಗಿ ಮೂರು ಸಲ ಹೋಗಿ ಬಂದಿದ್ದೇನೆ, ಊಟ ಹಾಕಿದ್ದಾಳೆ, ಅಪ್ಪನ ಆರೋಗ್ಯ ವಿಚಾರಿಸಿದ್ದಾಳೆ. ಆ ದಿನ ನಾನು ಕೇಳಿದ್ದು ಇಷ್ಟು:

"ಅಕ್ಕ, ಆ ಐದನೇ ಸೊನ್ನೆ ವಿಚಾರ ನಾನು ನಿಂಗೆ ಹೇಳಿದ್ನಾ, ಇಲ್ವಾ?"